ಬೀಗರ ಗೋಲಿ ಮಿಷೀನಿಗೆ ಬಿದ್ದ ಗುಳಿಗಳು

ನನ್ನ ಮದುವೆ ಒಂದು ಪ್ಲೈವುಡ್ ಹಲಗೆಯ ದೆಸೆಯಿಂದ ನಿಂತುಹೋಗುವುದರಲ್ಲಿತ್ತು. ಜಾತಕ ಕೂಡಿತ್ತು. ಹುಡುಗಿ ಒಪ್ಪಿದ್ದಳು. ನಾನಂತೂ ನೋಡಲು ಹೋಗುವ ಮೊದಲೇ ಮನಸ್ಸಿನಲ್ಲಿ ಒಪ್ಪಿಕೊಂಡು ಮಾಗಡಿ ಬಸ್ಸು ಹತ್ತಿದ್ದವನು. ಇನ್ನು ಲಗ್ನಪತ್ರಿಕೆ ಬರೆಸುವ ಶಾಸ್ತ್ರ ಒಂದೇ ಬಾಕಿ ಎನ್ನುವಾಗ ಈ ಹಲಗೆ ಅಡ್ಡ ಬಂತು.

ಹಲಗೆ ಇದ್ದದ್ದು ಒಂದು ಪಿನ್‌ಬಾಲ್ ಯಂತ್ರದೊಳಗೆ. ಯಂತ್ರ ಇದ್ದದ್ದು ಚನ್ನಪಟ್ಟಣದ ಹೆದ್ದಾರಿಯ ಪಕ್ಕ ನಮ್ಮಪ್ಪ ನಡೆಸುತ್ತಿದ್ದ ಹೋಟೆಲಿನಲ್ಲಿ. ಆದರೆ ಅದರ ಯಜಮಾನಿಕೆ ನಮ್ಮದಲ್ಲ, ಹುಡುಗಿಯ ತಂದೆಯದು. ಲಗ್ನಪತ್ರಿಕೆ ಆಗದೆ ಅವರನ್ನು ಬೀಗರು ಎನ್ನುವುದು ಶಾಸ್ತ್ರಸಮ್ಮತವಲ್ಲ. ಆದರೆ ಬೇರೆ ಏನೆಂದು ಕರೆಯುವುದೆಂದು ಶಾಸ್ತ್ರವೂ ಹೇಳಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವರು ಆಗಲೇ ಬೀಗರಾಗಿದ್ದರು.

ಬೀಗರದು ಮಾಗಡಿ ಹತ್ತಿರ ತೆಂಗಿನ ತೋಟ. ಆ ವರ್ಷಗಳಲ್ಲಿ ಬಿಡದಿಯ ಸುತ್ತ ನಿನ್ನೆ ರಾಗಿ ಇದ್ದ ಹೊಲದಲ್ಲಿ ಇವತ್ತು ಕಾಂಪೌಂಡು, ಕಾಂಪೌಂಡಿಗೊಂದು ಗೇಟು, ಗೇಟಿಗೊಬ್ಬ ಸೆಕ್ಯೂರಿಟಿ ಏಳುತ್ತಿದ್ದ ಕಾಲ. ಆ ಫ್ಯಾಕ್ಟರಿಗಳ ಕ್ಯಾಂಟೀನುಗಳಿಗೆ ಅವರು ಕಾಯಿ, ಸೊಪ್ಪು ಹಾಕುತ್ತಿದ್ದರು. ಒಂದು ಕಡೆ ಹೊರದೇಶದ ಇಂಜಿನಿಯರುಗಳು ಗೆಸ್ಟ್‌ಹೌಸ್ ಖಾಲಿ ಮಾಡಿ ಹೊರಟರು. ಬೇಕಾದವರು ಬೇಕಾದ್ದು ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದರು. ಮಂಚ, ಫ್ರಿಜ್ಜು, ಸೋಫಾ ಎಲ್ಲ ಮೊದಲು ಹೋದವರ ಪಾಲಾಯಿತು. ಬೀಗರು ಬಸ್ಸು ತಪ್ಪಿಸಿಕೊಂಡು ತಡವಾಗಿ ಹೋದರು. ಅವರ ಪಾಲಿಗೆ ಪಿನ್‌ಬಾಲ್ ಬಂತು.

ನೋಡದವರಿಗೆ ಹೇಳುತ್ತೇನೆ. ನಾಲ್ಕು ಕಾಲಿನ ಒಂದು ಇಳಿಜಾರು ಮೇಜು. ಮೇಲೆ ಗಾಜು, ಗಾಜಿನ ಕೆಳಗೆ ಚಿತ್ರ ಬರೆದ ಹಲಗೆ. ಬೆಟ್ಟದ ನೆಲ್ಲಿಕಾಯಿ ಗಾತ್ರದ ಒಂದು ಉಕ್ಕಿನ ಗುಂಡು. ಸ್ಪ್ರಿಂಗು ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹೋಗಿ, ಕಂಡ ಕಂಡ ಕಂಬ, ರಬ್ಬರುಗಳಿಗೆ ಹಾಯ್ದು, ದೀಪ ಹತ್ತಿಸಿ, ಗಂಟೆ ಬಾರಿಸಿ ಕೆಳಕ್ಕೆ ಬರುತ್ತದೆ. ಕೆಳಗೆ ಕೈಯಂಥ ಎರಡು ಪುಟ್ಟ ಪಟ್ಟಿಗಳು. ಪಕ್ಕದ ಗುಂಡಿ ಒತ್ತಿದರೆ ಅವು ಗುಂಡನ್ನು ಮತ್ತೆ ಮೇಲಕ್ಕೆ ಒದೆಯುತ್ತವೆ. ಎರಡರ ನಡುವೆ ನುಸುಳಿದರೆ ಆಟ ಮುಗಿಯಿತು. ನಮ್ಮ ಕಡೆ ಇದಕ್ಕೆ ಪಿನ್‌ಬಾಲ್ ಎಂಬ ಹೆಸರು ಒಂದು ದಿನವೂ ನಿಲ್ಲಲಿಲ್ಲ. ಗೋಲಿ ಮಿಷೀನು.

ಬೀಗರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಅದಕ್ಕೆ ಮಿಷೀನು ಹೇರಿದ ಟೆಂಪೋವನ್ನು ನೇರ ನಮ್ಮ ಹೋಟೆಲಿಗೆ ತಂದರು.

"ಬೀಗ್ರೇ, ಗೃಹಪ್ರವೇಶ ಆಗೋಗಂಟ ನಿಮ್ತಾವೇ ಇರ್ಲಿ. ಒಂದ್ ಗೆರೆ ಬೀಳ್ದಂಗೆ ನೋಡ್ಕಳಿ."

"ಅಯ್ಯೋ, ನಮ್ಮನೆ ಮಗ ಇದ್ದಂಗೆ ನೋಡ್ಕತೀವಿ ಬುಡಿ" ಎಂದರು ಅಪ್ಪ.

ನಮ್ಮ ಮನೆಯಲ್ಲಿ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಿದ್ದರೆಂದು ಬೀಗರಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಬೀದಿಗೆ ಬಿಟ್ಟರೆ ಸಂಜೆ ಎಣಿಸಿ ಒಳಗೆ ಕರೆದುಕೊಳ್ಳುವುದು. ಮಿಷೀನನ್ನೂ ಅಪ್ಪ ಅದೇ ವಾತ್ಸಲ್ಯದಿಂದ ನೋಡಿಕೊಂಡರು. ಸುಮ್ಮನೆ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂಬುದು ಅವರ ಸಿದ್ಧಾಂತ. ಕಾಫಿ ಕುಡಿದವರಿಗೆಲ್ಲ ಒಂದೊಂದು ಆಟ. ಲಾರಿ ಡ್ರೈವರುಗಳು, ರೇಷ್ಮೆ ನೂಲು ತೆಗೆಯುವವರು, ಬೊಂಬೆ ಕಾರ್ಖಾನೆಯವರು, ಆಗಷ್ಟೇ ಹೆದ್ದಾರಿ ಅಗಲ ಮಾಡಲು ಬಂದಿದ್ದ ಜೆಸಿಬಿಯವರು, ಎಲ್ಲರೂ ಬೋಂಡಾ ತಿಂದ ಕೈಯಲ್ಲೇ ಸಾಲು ನಿಂತರು. ಸಾಲು ಬೇಗ ಕರಗಲೆಂದು ಅಪ್ಪ ಮಿಷೀನಿನ ಹಿಂದಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟರು. ಇಳಿಜಾರು ಹೆಚ್ಚಿತು. ಗುಂಡು ಮಾಗಡಿ ರಸ್ತೆಯ ಖಾಸಗಿ ಬಸ್ಸಿನಂತೆ ಇಳಿಯತೊಡಗಿತು.

ಹಲಗೆಯ ಮೇಲಿನ ಚಿತ್ರ ಬಾಹ್ಯಾಕಾಶದ್ದು. ಒಂದು ರಾಕೆಟ್ಟು, ಒಬ್ಬ ಗಗನಯಾತ್ರಿ, ದೊಡ್ಡದೊಂದು ಚಂದ್ರ. ಮೊದಲ ಗುಳಿಗಳು ಚಂದ್ರನ ಮೇಲೆ ಬಿದ್ದದ್ದರಿಂದ ಯಾರೂ ಗಮನಿಸಲಿಲ್ಲ. ಚಂದ್ರನ ಮೇಲೆ ಗುಳಿ ಇರಬೇಕಾದದ್ದೇ. ಚಿತ್ರಕಾರನ ಕೈಚಳಕ ಎಂದು ಒಂದಿಬ್ಬರು ಮೆಚ್ಚಿಕೊಂಡರು ಕೂಡ. ಗುಳಿಗಳು ಗಗನಯಾತ್ರಿಯ ಮುಖಕ್ಕೆ ಹಬ್ಬಿ ಅವನಿಗೆ ಸಿಡುಬು ಬಂದಂತಾದಾಗ ಅಪ್ಪ ಗಾಜು ತೆಗೆಸಿ ನೋಡಿದರು. ನನ್ನನ್ನು ಕರೆದರು.

"ಯಾವನ್ಲಾ ಸುತ್ತಿಗೆ ತಕಂಡು ಕುಟ್ಟಿರೋನು?"

"ಯಾರೂ ಕುಟ್ಟಿಲ್ಲ ಕಣಪ್ಪ. ಗುಂಡೇ ಕುಟ್ಟಿರೋದು."

"ಗುಂಡು ಉರುಳ್ತದೆ. ಉರುಳೋದು ಎಲ್ಲಾರ ಕುಟ್ತದೇನ್ಲಾ?"

"ಉರುಳೋವಾಗ ಕುಟ್ಟಲ್ಲ. ಹಾರಿ ಬೀಳೋವಾಗ ಕುಟ್ತದೆ."

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ನಾನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಗಡಸುತನ ಪರೀಕ್ಷೆಯ ವಿಭಾಗದಲ್ಲಿದ್ದೆ. ಗಡಸುತನ ಪರೀಕ್ಷೆ ಎಂದರೆ, ಲೋಹದ ತುಂಡಿನ ಮೇಲೆ ಒಂದು ಗಟ್ಟಿ ಉಕ್ಕಿನ ಗುಂಡನ್ನಿಟ್ಟು ಭಾರ ಹೇರಿ ಒತ್ತುವುದು, ಆಮೇಲೆ ಬಿದ್ದ ಗುಳಿಯ ಅಗಲ ಅಳೆಯುವುದು. ಗುಳಿ ಚಿಕ್ಕದಾದರೆ ಲೋಹ ಗಟ್ಟಿ, ದೊಡ್ಡದಾದರೆ ಮೆತ್ತಗೆ. ಚನ್ನಪಟ್ಟಣದಿಂದ ದಿನವೂ ರೈಲಿನಲ್ಲಿ ಹೋಗಿ, ಗುಳಿ ಹಾಕಿ, ಗುಳಿ ಅಳೆದು, ರೈಲಿನಲ್ಲಿ ವಾಪಸ್ಸು ಬರುತ್ತಿದ್ದವನಿಗೆ ಗುಳಿಯ ವಿಷಯದಲ್ಲಿ ಒಂದು ಮಾತಾಡುವ ಅಧಿಕಾರ ಇರಬೇಕಿತ್ತು. ನಮ್ಮ ಹೋಟೆಲಿನಲ್ಲಿ ಅದು ಇರಲಿಲ್ಲ.

ಆದರೂ ಹೇಳಿದೆ. ಹಲಗೆ ಎಷ್ಟಾದರೂ ಮರ. ಮೇಲೆ ಚಿತ್ರ, ಅದರ ಮೇಲೆ ಉಗುರಿನಷ್ಟೂ ದಪ್ಪವಿಲ್ಲದ ವಾರ್ನಿಷು. ಕೆಳಗಿನ ಪಟ್ಟಿ ಒದ್ದಾಗ ಗುಂಡು ಹಲಗೆ ಬಿಟ್ಟು ಒಸಿ ಮೇಲಕ್ಕೆ ಹಾರುತ್ತದೆ. ಗುಂಡು ಓಡಲೆಂದು ಮೇಲೆ ಕಟ್ಟಿದ ತಂತಿಯ ದಾರಿ ಮುಗಿದಲ್ಲಿ ಕೆಳಕ್ಕೆ ಧುಮುಕುತ್ತದೆ. ಹಾಗೆ ಬಿದ್ದಾಗ ದುಂಡಗಿನ ಗುಂಡಿಗೆ ನೆಲ ಸಿಗುವುದು ಎಳ್ಳಿನಷ್ಟು ಜಾಗದಲ್ಲಿ. ಅದರ ಭಾರ, ವೇಗ ಎಲ್ಲ ಆ ಎಳ್ಳಿನ ಮೇಲೆ. ಮರದ ನಾರು ಕುಸಿಯುತ್ತದೆ, ಮತ್ತೆ ಏಳುವುದಿಲ್ಲ. ಅದಕ್ಕೇ ಪಟ್ಟಿಗಳ ಮುಂದೆ ಮತ್ತು ಧುಮುಕುವ ಜಾಗದಲ್ಲಿ ಗುಳಿ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಇನ್ನೂ ಆಡುತ್ತಾ ಹೋದರೆ ಗುಳಿಯ ಪಕ್ಕ ಗುಳಿ ಬಿದ್ದು ಒಂದಕ್ಕೊಂದು ಬೆರೆತು ಕಣ್ಣಿಗೆ ಹೊಂದಿಕೊಂಡುಬಿಡುತ್ತವೆ. ಮೊದಮೊದಲ ಗುಳಿಗಳೇ ಎದ್ದು ಕಾಣುವುದು.

"ಹಂಗಾರೆ ಬಣ್ಣ ಯಾಕ್ಲಾ ಹೋಗೈತೆ? ಅದೂ ಹಾರಿ ಬಿದ್ದು ಹೋಯ್ತಾ?"

ಅಪ್ಪನ ಈ ಪ್ರಶ್ನೆ ನ್ಯಾಯವಾದದ್ದೇ. ಗುಂಡು ಹೆಚ್ಚು ಓಡಾಡುವ ದಾರಿಯಲ್ಲಿ, ಅದು ಬೀಳುವ ತೂತುಗಳ ಬಾಯಿಯ ಅಂಚಿನಲ್ಲಿ ಬಣ್ಣ ಸವೆದು ಬಿಳಿಮರ ಕಾಣುತ್ತಿತ್ತು. ಅದು ಗುಳಿಯ ಕೆಲಸವಲ್ಲ, ಧೂಳಿನ ಕೆಲಸ. ರಸ್ತೆ ಅಗೆತದ ಕೆಂಧೂಳು ಗಾಜಿನ ಸಂದಿಯಿಂದ ಒಳಗೆ ಹೋಗಿ, ರಬ್ಬರು ಸವೆದ ಕಪ್ಪು ಪುಡಿಯ ಜೊತೆ ಸೇರಿ, ಗುಂಡಿನ ಕೆಳಗೆ ಸಿಕ್ಕಿ ಉಪ್ಪು ಕಾಗದದ ಹಾಗೆ ಉಜ್ಜುತ್ತಿತ್ತು. ಗುಂಡೂ ಮೊದಲಿನಂತೆ ಕನ್ನಡಿಯಾಗಿರಲಿಲ್ಲ. ಬೆವರು, ತೇವಕ್ಕೆ ಚುಕ್ಕೆ ಚುಕ್ಕೆ ತುಕ್ಕು ಹಿಡಿದು ಅದೇ ಒಂದು ಅರದಂತಾಗಿತ್ತು. ಗುಂಡು ಬದಲಾಯಿಸಬೇಕು, ದಿನಾ ಒರೆಸಬೇಕು, ಮುಖ್ಯವಾಗಿ ಇಟ್ಟಿಗೆ ತೆಗೆಯಬೇಕು ಎಂದೆ.

"ಇಟ್ಟಿಗೆ ತಂಟೆಗೆ ಬರ್‍ಬ್ಯಾಡ" ಎಂದರು ಅಪ್ಪ.

ಅಷ್ಟರಲ್ಲಿ ಮಾಗಡಿಯಿಂದ ಫೋನು. ಬೀಗರು ಲಗ್ನಪತ್ರಿಕೆಯ ಮಾತಾಡಲು ಮುಂದಿನ ವಾರ ಬರುತ್ತಾರೆ. ಹಾಗೇ ಮಿಷೀನನ್ನೂ ಒಂದು ಸಲ ನೋಡಿಕೊಂಡು ಹೋಗುತ್ತಾರೆ.

ನಮ್ಮ ಕಡೆ ನೆಂಟರ ಮನೆಯ ಪಾತ್ರೆ ಬಂದರೆ ಅದನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ. ಬೆಳಗಿ, ಒಳಗೆ ಒಂದು ಹಿಡಿ ಅಕ್ಕಿಯನ್ನೋ ಅಚ್ಚು ಬೆಲ್ಲವನ್ನೋ ಹಾಕಿ ಕೊಡುತ್ತಾರೆ. ಬಂದದ್ದಕ್ಕಿಂತ ಒಂದು ತೂಕ ಹೆಚ್ಚಾಗಿ ಹೋಗಬೇಕು. ಹೀಗಿರುವಾಗ ಬೀಗರ ಸಾಮಾನನ್ನು ಬಂದದ್ದಕ್ಕಿಂತ ಕಡೆಯಾಗಿ ತೋರಿಸುವುದೇ? ಅಪ್ಪನಿಗೆ ಆ ವಾರ ಊಟ ಸೇರಲಿಲ್ಲ. ನನಗೂ ಸೇರಲಿಲ್ಲ. ಒಂದು ಹಲಗೆ ನೋಡಿಕೊಳ್ಳಲಾಗದವರು ನನ್ನ ಮಗಳನ್ನು ನೋಡಿಕೊಂಡಾರೇ ಎಂದು ಬೀಗರು ಕೇಳಿದರೆ ಉತ್ತರ ಕೊಡುವ ವಕೀಲರು ನಮ್ಮ ಪೈಕಿ ಯಾರೂ ಇರಲಿಲ್ಲ. ಮಾಗಡಿಯ ಆ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವಳು, ನಾನು ಮಾಡುವ ಕೆಲಸ ಕೇಳಿ, "ಗುಳಿ ಬೀಳ್ಸೋಕೂ ಸಂಬ್ಳ ಕೊಡ್ತಾರಾ?" ಎಂದು ನಕ್ಕಿದ್ದಳು. ಆ ನಗು ಕೈತಪ್ಪಿ ಹೋದರೆ ಎಂಬ ಯೋಚನೆಯಲ್ಲಿ ಫ್ಯಾಕ್ಟರಿಯಲ್ಲಿ ಒಂದೇ ತುಂಡಿಗೆ ಎರಡು ಸಲ ಗುಳಿ ಹಾಕಿ ಬೈಸಿಕೊಂಡೆ.

ಅಪ್ಪ ಬೊಂಬೆ ಕಾರ್ಖಾನೆಯ ಸಾಬರನ್ನು ಕರೆಸಿದರು. ಹೋಟೆಲಿನ ಹಿಂದಿನ ಬೀದಿಯಲ್ಲಿ ಅವರ ಕಾರ್ಖಾನೆ. ಅಪ್ಪನ ಹಳೆಯ ಗೆಳೆಯರು. ಊರಿನ ಸ್ವಭಾವವೇ ಹಾಗೆ. ಚನ್ನಪಟ್ಟಣದವನಿಗೆ ಮರದ ಯಾವ ಕಾಯಿಲೆಗೂ ಒಂದೇ ಮದ್ದು ಗೊತ್ತಿರುವುದು: ಅರಗು. ತೊಟ್ಟಿಲು ಬಿರುಕು ಬಿಟ್ಟರೆ ಅರಗು, ಊರುಗೋಲು ಸವೆದರೆ ಅರಗು. ಅವಕಾಶ ಕೊಟ್ಟರೆ ಬಾಗಿಲಿಗೂ ಎರಡು ಬಣ್ಣದ ಅರಗು ಬಳಿದು ಗಿಲಕಿ ಮಾಡಿಬಿಡುತ್ತಾರೆ.

ಸಾಬರು ಹಲಗೆ ನೋಡಿದರು, ಗುಂಡು ನೋಡಿದರು.

"ಅರೇ ಅಣ್ಣಾ, ಬೇಫಿಕರ್ ಇರಿ. ಒಂದ್ ಕೋಟ್ ಅರಗು ಹೊಡುದ್ರೆ ನಿಮ್ ಬೀಗ್ರು ಹೊಸ್ದು ಅಂತಾರೆ. ಹಾರೇಲಿ ಮೀಟಿದ್ರೂ ಗುಳಿ ಬೀಳಾಕಿಲ್ಲ."

"ಸಾಬ್ರೇ, ಅರಗು ತಿರುಗೋ ಮರಕ್ಕಲ್ವಾ ಹಾಕೋದು?" ಎಂದೆ. ಅವರ ಕಾರ್ಖಾನೆಯಲ್ಲಿ ಲೇತಿನ ಮೇಲೆ ಮರ ಗರಗರ ತಿರುಗುತ್ತಿರುವಾಗ ಅರಗಿನ ಕಡ್ಡಿ ಹಿಡಿದರೆ ಉಜ್ಜಿದ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುವುದನ್ನು ಊರಿನ ಎಲ್ಲರೂ ಬಲ್ಲರು.

ಸಾಬರು ನನ್ನನ್ನು ಕನಿಕರದಿಂದ ನೋಡಿದರು. "ಹಲಗೆ ತಿರುಗ್ದಿದ್ರೆ ಏನಾಯ್ತಪ್ಪಾ? ನಾನ್ ತಿರುಗ್ತೀನಿ."

ಮಾತಿಗೆ ತಪ್ಪಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಹಿಡಿದುಕೊಂಡು, ಅರಗು ಕರಗಿಸಿ ಸುರಿಯುತ್ತಾ, ಇಡೀ ಮಧ್ಯಾಹ್ನ ಮಿಷೀನಿನ ಸುತ್ತ ಪ್ರದಕ್ಷಿಣೆ ಹಾಕಿದರು. ಅಪ್ಪ ಹಿಂದೆ ಹಿಂದೆ ತಾಳೆ ಹೂವಿನ ಗಿಡದ ಎಲೆ ಹಿಡಿದು ಉಜ್ಜಿ ಹೊಳಪು ತಂದರು. ಗುಳಿಗಳೆಲ್ಲ ತುಂಬಿಹೋದವು. ಗಗನಯಾತ್ರಿಯ ಸಿಡುಬು ವಾಸಿಯಾಯಿತು. ಹಲಗೆ ಹಳದಿ ಕೆಂಪಿನಲ್ಲಿ ಥಳಥಳ ಹೊಳೆಯಿತು. ಯಾರೂ ಆಡಿ ನೋಡಲಿಲ್ಲ. ಬೀಗರೇ ಮೊದಲ ಆಟ ಆಡಲಿ ಎಂದು ಅಪ್ಪ ಮಿಷೀನಿಗೆ ಪಂಚೆ ಹೊದಿಸಿದರು.

ಬೀಗರು ಬಂದದ್ದು ಸುಡುಬಿಸಿಲಿನ ಹೊತ್ತಿನಲ್ಲಿ. ರಾಮನಗರದಲ್ಲಿ ಬಸ್ಸು ಬದಲಾಯಿಸಿ, ಒಂದು ಗೊನೆ ಎಳನೀರು ಹಿಡಿದು ಬಂದಿದ್ದರು. ಅಪ್ಪ ಗೌರವದಿಂದ ಪಂಚೆ ಸರಿಸಿ, ಸ್ವಿಚ್ಚು ಹಾಕಿದರು. ಹಲಗೆಯ ಕೆಳಗಿನ ದೀಪಗಳೆಲ್ಲ ಹತ್ತಿದವು.

"ಒಳ್ಳೆ ಮದ್ವೆ ಹೆಣ್ಣಿದ್ದಂಗೈತಲ್ಲ!" ಎಂದರು ಬೀಗರು. ಅಪ್ಪ ಸಾಬರ ಕಡೆ ನೋಡಿ ಹುಬ್ಬು ಹಾರಿಸಿದರು.

ಆದರೆ ಬೀಗರು ಆಟಕ್ಕೆ ಮೊದಲು ಊಟ ಎಂದರು. ಮುದ್ದೆ, ಬಸ್ಸಾರು, ಮೇಲೆ ಮಜ್ಜಿಗೆ. ಊಟ ಮುಗಿಯುವಷ್ಟೂ ಹೊತ್ತು ದೀಪಗಳು ಅರಗಿನ ಕೆಳಗೆ ಉರಿಯುತ್ತಲೇ ಇದ್ದವು. ಇದು ಆಗ ಯಾರಿಗೂ ಹೊಳೆಯಲಿಲ್ಲ.

ಬೀಗರು ಕೈ ಒರೆಸಿಕೊಂಡು ಬಂದು ಸ್ಪ್ರಿಂಗು ಎಳೆದು ಬಿಟ್ಟರು. ಗುಂಡು ಸೊಗಸಾಗಿ ಮೇಲೆ ಹೋಯಿತು. ತಿರುಗಿತು. ಕೆಳಗೆ ಇಳಿಯತೊಡಗಿತು. ನಿಧಾನವಾಯಿತು. ಇನ್ನೂ ನಿಧಾನವಾಯಿತು. ಚಂದ್ರನ ಹತ್ತಿರ ಬಂದು, ಕೆಸರಿಗೆ ಇಳಿದ ಎಮ್ಮೆಯ ಹಾಗೆ ನೆಮ್ಮದಿಯಾಗಿ ಕುಳಿತುಬಿಟ್ಟಿತು.

ಬೀಗರು ಗುಂಡಿ ಒತ್ತಿದರು. ಪಟ್ಟಿಗಳು ಖಾಲಿ ಗಾಳಿಗೆ ಪಟಪಟ ಒದ್ದವು. ಮಿಷೀನು ಅಲ್ಲಾಡಿಸಿದರು. ಗುಂಡು ಕದಲಲಿಲ್ಲ. ಗಾಜು ತೆಗೆಸಿ ಗುಂಡನ್ನು ಹಿಡಿದು ಎತ್ತಿದರು. ಹಲಸಿನ ಮೇಣದಂತೆ ಎಳೆಎಳೆಯಾಗಿ ಅರಗೂ ಜೊತೆಗೆ ಬಂತು.

"ಏನ್ ಬೀಗ್ರೇ ಇದು? ಏನ್ ಬಳ್ದಿದೀರಿ ಇದ್ಕೆ?"

"ಅರಗು" ಎಂದರು ಅಪ್ಪ.

"ಯಾಕೆ?"

ಅಪ್ಪ ಸಾಬರ ಕಡೆ ನೋಡಿದರು. ಸಾಬರೇ ಹೋಗಿ ಸ್ಪಿರಿಟ್ಟು, ಹಳೆ ಬಟ್ಟೆ ತಂದರು. ಬೀಗರು ನಿಂತು ನೋಡುತ್ತಿದ್ದಂತೆ ಅರಗು ಬಿಟ್ಟುಕೊಂಡಿತು. ಅದರ ಜೊತೆ ಅರ್ಧ ಚಂದ್ರನೂ ಬಿಟ್ಟುಕೊಂಡ. ಗುಳಿಗಳೆಲ್ಲ ಬಯಲಾದವು. ಬೀಗರು ಹೆಬ್ಬೆಟ್ಟಿನಿಂದ ಒಂದೊಂದನ್ನೇ ಸವರುತ್ತಾ ಹೋದರು. ನನಗೆ ನನ್ನ ಮದುವೆಯ ಊಟದ ಎಲೆಗಳನ್ನು ಒಂದೊಂದಾಗಿ ಎತ್ತುತ್ತಿದ್ದಂತೆ ಕಂಡಿತು.

"ಯಾವೋನು ಕುಟ್ಟಿದ್ದು ಇದ್ನ?"

ಈಗ ಬಾಯಿ ಬಿಡದಿದ್ದರೆ ಆಗದು ಎನ್ನಿಸಿತು. ಕೌಂಟರು ಮಾಡಿಸಿ ಮಿಕ್ಕಿದ್ದ ಒಂದು ತುಂಡು ಪ್ಲೈವುಡ್ ತಂದು ಅವರ ಮುಂದಿಟ್ಟೆ. "ಯಾರೂ ಕುಟ್ಟಿಲ್ಲ. ನೀವೇ ಆ ಗುಂಡನ್ನ ಎದೆಮಟ್ಟದಿಂದ ಇದ್ರ ಮೇಲೆ ಬುಡಿ."

ಅವರು ಅನುಮಾನದಿಂದ ಬಿಟ್ಟರು. ಟಪ್. ಬಗ್ಗಿ ನೋಡಿದರು. ದುಂಡಗೆ ಒಂದು ಗುಳಿ. ಮೊಣಕಾಲಿನ ಮಟ್ಟದಿಂದ ಬಿಟ್ಟರು. ಅದಕ್ಕಿಂತ ಚಿಕ್ಕ ಗುಳಿ. ಗೇಣೆತ್ತರದಿಂದ ಬಿಟ್ಟರು. ಕಣ್ಣಿಗೆ ಕಂಡೂ ಕಾಣದಂಥದ್ದು. ಬೆರಳಿಗೆ ಮಾತ್ರ ಸಿಕ್ಕಿತು. ಬೀಗರಿಗೆ ಇದು ಹಿಡಿಸಿತೆಂದು ಕಾಣುತ್ತದೆ. ಆ ತುಂಡಿನ ತುಂಬಾ ಗುಳಿ ಬೀಳಿಸಿ ಮುಗಿಸುವವರೆಗೆ ಬಿಡಲಿಲ್ಲ.

"ಹಂಗಾರೆ ಆಡುದ್ರೆ ಬೀಳೋದೇ."

"ಬೀಳೋದೇ. ಆಡ್ದಂಗೆ ಇಟ್ರೆ ಮಾತ್ರ ಬೀಳಲ್ಲ."

"ಆಡ್ದಂಗೆ ಇಡಕೆ ಅದೇನು ದೇವ್ರಾ?" ಎಂದು ಅವರೇ ನಕ್ಕರು. ಅಪ್ಪನೂ ನಕ್ಕರು. ಅಪ್ಪ ಒಸಿ ಬೇಗ ನಕ್ಕರು ಎನ್ನಬೇಕು.

ಬೀಗರು ನಗು ನಿಲ್ಲಿಸಿ, ಬೆಂಚಿನ ಮೇಲೆ ಕೂತು, ಗುಂಡಿಗೆ ಅಂಟಿದ್ದ ಅರಗನ್ನು ಉಗುರಿನಲ್ಲಿ ಕೆರೆಯುತ್ತಾ ಹೇಳಿದರು.

"ನೋಡಿ ಬೀಗ್ರೇ. ಗುಳಿ ಬಿದ್ದಿದ್ದು ಗುಂಡಿನ ಗುಣ. ಅದ್ಕೆ ನಾನೇನೂ ಅನ್ನಲ್ಲ. ಅದ್ರ ಮ್ಯಾಲೆ ಅರಗು ಬಳ್ದಿದ್ದು ನಿಮ್ ಗುಣ. ಈಗ ನಂಗೆ ಒಂದೇ ಯೋಚ್ನೆ. ಈ ಹುಡುಗುಂಗೆ ಎಲ್ಲೆಲ್ಲಿ ಬಳ್ದಿದೀರಿ?"

ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾದದ್ದು ನನ್ನ ಎಡಗಿವಿ. ಗಡಸುತನದ ವಿಭಾಗಕ್ಕೆ ಬರುವ ಮೊದಲು ನಾನು ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದೆ. ಅಲ್ಲಿನ ಗದ್ದಲಕ್ಕೆ ಎಡಗಿವಿ ಮಂದವಾಗಿತ್ತು. ಹುಡುಗಿ ನೋಡಲು ಹೋದಾಗ ಅಪ್ಪ ನನ್ನ ತೋಳು ಹಿಡಿದು, ಗೋಡೆಯ ಕಡೆಗೆ ಎಡಗಿವಿ, ಬೀಗರ ಕಡೆಗೆ ಬಲಗಿವಿ ಬರುವಂತೆ ಕೂರಿಸಿದ್ದರು. ವಾಸ್ತು ಪ್ರಕಾರ ಕೂರಿಸುತ್ತಿದ್ದಾರೆಂದು ಬೀಗರು ತಿಳಿದಿದ್ದರೆ ಅದು ನಮ್ಮ ಪುಣ್ಯ.

ಅಪ್ಪ ಗಂಟಲು ಸರಿ ಮಾಡಿಕೊಂಡರು. ಅಷ್ಟರಲ್ಲಿ ಇಡ್ಲಿ ಪಾತ್ರೆಯ ಹಿಂದಿನಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಈಚೆ ಬಂದಳು.

"ಅವ್ರನ್ನ ಕೇಳ್ಬ್ಯಾಡಿ, ಅವ್ರು ಇನ್ನೊಂದ್ ಕೋಟ್ ಹೊಡೀತಾರೆ. ನಾನ್ ಹೇಳ್ತೀನಿ. ಎಡಗಿವಿ ಮಂದ ಐತೆ. ಆ ಕಡೆಯಿಂದ ಕರುದ್ರೆ ಓಗೊಡಲ್ಲ. ದಿಮಾಕು ಅಂತ ಜನ ತಿಳ್ಕತಾರೆ. ಸಾರಿಗೆ ಉಪ್ಪು ಕಮ್ಮಿಯಾದ್ರೆ ಬಾಯ್ಬುಟ್ಟು ಹೇಳಲ್ಲ, ಮಕ ಊದಿಸ್ಕಂಡು ಕೂತ್ಕತಾನೆ. ಬೈಕ್ ಕಲೀತೀನಿ ಅಂತ ಹೋಗಿ ಮೋರಿಗ್ ಬಿದ್ದ. ಅದ್ಕೇ ರೈಲಲ್ಲಿ ಓಡಾಡೋದು, ಪರಿಸರ ಕಾಪಾಡಕಲ್ಲ."

"ಅಮ್ಮಾ, ಸಾಕು" ಎಂದೆ.

"ನೋಡಿ, ಇದೂ ಒಂದು. ನಿಜ ಹೇಳುದ್ರೆ ಸಾಕು ಅಂತಾನೆ."

ಸಾಬರು ಮೇಲಿನ ತೊಲೆಗಳನ್ನು ಪರೀಕ್ಷಿಸುತ್ತಿದ್ದರು. ಬೀಗರು ಎದ್ದು ನನ್ನ ಎಡಗಡೆಗೆ ಬಂದು ನಿಂತು ಏನೋ ಹೇಳಿದರು. ನನಗೆ ಗೊಣಗಾಟ ಮಾತ್ರ ಕೇಳಿತು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದರು.

"ಕೂಗುದ್ರೆ ಕೇಳ್ತದಾ ಅಂದೆ!"

"ಕೇಳ್ತದೆ" ಎಂದೆ.

ಬೀಗರು ಅಮ್ಮನ ಕಡೆ ತಿರುಗಿದರು. ಮುಖದ ಬಿಗಿ ಸಡಿಲಾಗಿತ್ತು. "ತಾಯಿ, ನೀವು ಹೇಳಿದ್ಮೇಲೆ ನಾನೂ ಹೇಳ್ಬೇಕು. ನಮ್ ಹುಡುಗಿಗೆ ಮೆತ್ತಗೆ ಮಾತಾಡಾಕೆ ಬರಲ್ಲ. ಅಡ್ಗೆ ಮನೇಲಿ ಮಾತಾಡುದ್ರೆ ತೋಟದಲ್ಲಿ ಕಾಯಿ ಕೀಳೋನು 'ಏನವ್ವಾ' ಅಂತಾನೆ. ನೀವು ಬಂದಿದ್ ದಿನ ಅವ್ರವ್ವ ಕಣ್ಣು ಬುಟ್ಟು ಹೆದರ್‍ಸಿದ್ಳು, ಅದ್ಕೆ ತಗ್ಗಿಸ್ಕಂಡು ಮಾತಾಡುದ್ಲು."

"ಓಹೋ, ನೀವೂ ಒಂದ್ ಕೋಟ್ ಹೊಡ್ದಿದ್ರಿ ಅನ್ನಿ!" ಎಂದರು ಸಾಬರು, ತೊಲೆಗಳಿಂದ ಕಣ್ಣು ಕೆಳಗಿಳಿಸಿ.

"ತೆಳ್ಳಗೆ ಸಾಬ್ರೇ, ತೆಳ್ಳಗೆ" ಎಂದರು ಬೀಗರು.

ಆ ಮೇಲಿನ ಮಾತುಕತೆ ಸಾಧಾರಣ ಮದುವೆಗಳದ್ದೇ. ಪಂಚಾಂಗ ಬಂತು, ಎಲೆ ಅಡಿಕೆ ಬಂತು. ಲಗ್ನಪತ್ರಿಕೆಗೆ ಎಷ್ಟು ಜನ ಬರುವುದೆಂಬ ಬಗ್ಗೆ ಎರಡೂ ಕಡೆಯವರು ಪರಸ್ಪರ ನಂಬದೆ ಲೆಕ್ಕ ಹಾಕಿದರು. ಹೊರಡುವ ಮುನ್ನ ಬೀಗರು ಮಿಷೀನಿನ ಹಿಂದಿನ ಕಾಲುಗಳ ಇಟ್ಟಿಗೆಗಳನ್ನು ತಾವೇ ಬಗ್ಗಿ ತೆಗೆದು ಆಚೆ ಇಟ್ಟರು. ಅಪ್ಪ ಬೇರೆ ಕಡೆ ನೋಡಿದರು.

ಬೀಗರಿಗಾಗಿ ಹಾಕಿದ್ದ ರಜೆಯ ಮರುದಿನ ನನಗೆ ವಾರದ ರಜೆ. ಹೋಟೆಲು ತುಂಬಿದ್ದ ಹೊತ್ತು. ಕೌಂಟರಿನ ಫೋನು ಹೊಡೆದುಕೊಂಡಿತು. ಎತ್ತಿದೆ. ಮಾಗಡಿಯಿಂದ ಅವಳೇ.

"ಯಾವ ಕಿವೀಲಿ ಇಟ್ಕಂಡಿದೀರಿ?" ಎಂದಳು, ಮೆತ್ತಗೆ, ಹೆಣ್ಣು ನೋಡಲು ಹೋದ ದಿನದ ದನಿಯಲ್ಲಿ.

"ಬಲಗಿವೀಲಿ."

"ಎಡಗಿವೀಗಿಡಿ. ಎಷ್ಟು ಕೂಗ್ಬೇಕು ಅಂತ ಈಗ್ಲೇ ಗೊತ್ತಾಗ್ಬುಡ್ಲಿ."

ರಿಸೀವರನ್ನು ಎಡಗಿವಿಗೆ ಬದಲಾಯಿಸಿದೆ. ಅವಳು ಉಸಿರು ಎಳೆದುಕೊಂಡದ್ದು ಕೇಳಲಿಲ್ಲ, ಆಮೇಲಿನದು ಕೇಳಿತು.

"ಬಸ್ಸಾರಿಗೆ ನಾನೂ ಉಪ್ಪು ಕಮ್ಮೀನೇ ಹಾಕೋದು! ಕೇಳಿಸ್ತಾ?"

ನಾನು ಬಾಯಿ ತೆರೆಯುವ ಮೊದಲೇ, ಕಿಟಕಿ ಪಕ್ಕದ ಮೇಜಿನಲ್ಲಿ ಇಡ್ಲಿ ಮುರಿಯುತ್ತಿದ್ದ ಲಾರಿ ಡ್ರೈವರು ತಲೆ ಎತ್ತಿ ಹೇಳಿದ:

"ಕೇಳಿಸ್ತು ಕಣವ್ವಾ."